ಬಾರದ ಕಂದನಿಗೆ ಹೊಲಿದ ಕೌದಿ



ಯೇಸುಸ್ವಾಮಿಯ ಜನನವನ್ನು ವರ್ಣಿಸುವಾಗ ಸಂತ ಲೂಕರು ಒಂದು ಚಿಕ್ಕ ಸಂಗತಿಯನ್ನು ಬಿಡದೆ ಹೇಳುತ್ತಾರೆ (2:7). ಮಾತೆ ಮರಿಯಮ್ಮನವರು ಕೂಸನ್ನು ಬಟ್ಟೆಯಲ್ಲಿ ಸುತ್ತಿದರಂತೆ. ಛತ್ರದಲ್ಲಿ ಸ್ಥಳವಿರಲಿಲ್ಲ, ತೊಟ್ಟಿಲಿರಲಿಲ್ಲ. ಆದರೆ ಬಟ್ಟೆ ಇತ್ತು! ಅದೆಲ್ಲಿಂದ ಬಂತೆಂದು ಶುಭಸಂದೇಶ ಹೇಳುವುದಿಲ್ಲ. ನಜರೇತಿನಿಂದ ಬೆತ್ಲೆಹೇಮಿಗೆ 100 ಕಿಲೋಮೀಟರಿಗೂ ಮಿಕ್ಕಿದ ದಾರಿ. ಆ ತುಂಬು ಗರ್ಭಿಣಿ ತನ್ನ ಗಂಟಿನಲ್ಲೇ ಅದನ್ನು ಕಟ್ಟಿಕೊಂಡು ಬಂದಿರಬೇಕೆಂದು ನನ್ನ ಎಣಿಕೆ. ಹಾಗಿದ್ದರೆ, ಹುಟ್ಟುವ ಮೊದಲೇ ಕೂಸಿಗೆ ಏನನ್ನೂ ಹೊಲಿದಿಡಬಾರದು ಎಂಬ ನಮ್ಮ ಮನೆಗಳ ಮಾತು ಮರಿಯಮ್ಮನವರ ಮನೆಯಲ್ಲಿ ನಡೆಯಲಿಲ್ಲವೆಂದಾಯಿತು.

ಈ ಮಾತನ್ನು ಎತ್ತಲು ಕಾರಣವಿದೆ. ಅದಕ್ಕೆ ಮೊದಲು ಕೌದಿಯ ಬಗ್ಗೆ ನಾಲ್ಕು ಮಾತು.

ಸುಮಾರು 20 ವರ್ಷಗಳ ಹಿಂದೆ ಸೆಮಿನರಿಯಿಂದ ನನ್ನನ್ನು ಪ್ರಾಯೋಗಿಕ ವರ್ಷಕ್ಕೆ ಉತ್ತರ ಕನ್ನಡದ ಹಳಿಯಾಳದ ಕಡೆಗೆ ಕಳುಹಿಸಿದ್ದರು. ಅಲ್ಲಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನರಿದ್ದಾರೆ. ಅವರ ಪೂರ್ವಜರು ಆಫ್ರಿಕಾದವರು. ಅನೇಕರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದರು. ಅಲ್ಲಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಸಿದ್ದಿಗಳಲ್ಲಿ ಹಿಂದೂಗಳು, ಮುಸಲ್ಮಾನರು, ಕಥೋಲಿಕರು ಮೂರೂ ಪಂಗಡದವರಿದ್ದಾರೆ. 2003ರಲ್ಲಿ ಅವರನ್ನು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿಸಲಾಯಿತು. ಅವರ ಹೆಂಗಸರು ಹೊಲಿಯುವ ಕೌದಿಗೆ 'ಕವಂದಿ' ಎನ್ನುತ್ತಾರೆ.

ಹಳೆಯ ಸೀರೆಯೊಂದನ್ನು ಅಡಿಗೆ ಹಾಸುತ್ತಾರೆ. ಮೇಲೆ ಮನೆಮಂದಿಯ ಸವೆದ ಬಟ್ಟೆಗಳ ತುಂಡುಗಳು: ಅಜ್ಜನ ಅಂಗಿ, ಅಕ್ಕನ ಲಂಗ, ಯಾವುದೋ ಪಂಚೆ. ಹೊಲಿಗೆ ಅಂಚಿನಿಂದ ಪ್ರಾರಂಭವಾಗಿ, ಸುತ್ತು ಸುತ್ತಾಗಿ ಒಳಕ್ಕೆ ಬಂದು, ಕಟ್ಟಕಡೆಗೆ ನಟ್ಟನಡುವೆ ಮುಗಿಯುತ್ತದೆ. ನಾಲ್ಕು ಮೂಲೆಗಳಿಗೆ ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಇಡುತ್ತಾರೆ. ಅದಕ್ಕೆ 'ಫೂಲ', ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕವಂದಿ ಬೆತ್ತಲೆ ಎಂದು ಅವರ ಭಾವನೆ. ತೊಟ್ಟಿಲ ಕೂಸಿನ ಕವಂದಿಯಾದರೆ ಬಣ್ಣಬಣ್ಣದ ಚಿಕ್ಕ ಚೌಕಗಳು ಹೆಚ್ಚು. ಕಥೋಲಿಕ ಮನೆಗಳ ಕೆಲವು ಕವಂದಿಗಳಲ್ಲಿ ಶಿಲುಬೆಯೂ ಇರುತ್ತದೆ.

ಒಬ್ಬ ಅಜ್ಜಿ ನನ್ನ ಕೈಗೂ ಸೂಜಿ ಕೊಟ್ಟರು. ಒಂಟೆ ಸೂಜಿಯ ಕಣ್ಣಿನಲ್ಲಿ ನುಸುಳುವ ಮಾತಿನ ಮೇಲೆ ಪ್ರಬಂಧ ಬರೆದು ಒಳ್ಳೆಯ ಅಂಕ ಪಡೆದಿದ್ದವನಿಗೆ ಅಂದು ದಾರವನ್ನೇ ನುಸುಳಿಸಲಾಗಲಿಲ್ಲ. ಕೊನೆಗೂ ಒಂದು ಗೇಣು ಹೊಲಿದೆ. ಹೊಲಿಗೆ ಹಾವಿನಂತೆ ಹೋಗಿತ್ತು. ಅಜ್ಜಿ ಅದನ್ನು ಬಿಚ್ಚಲಿಲ್ಲ. ಅದರ ಪಕ್ಕದಲ್ಲೇ ತಮ್ಮ ಸಾಲನ್ನು ಹೊಲಿದುಕೊಂಡು ಹೋದರು.

ಆ ನೆನಪಿನಿಂದಲೇ ಈಗ ನಾನಿರುವ ಧರ್ಮಕೇಂದ್ರದಲ್ಲಿ ಶನಿವಾರ ಮಧ್ಯಾಹ್ನ ಮಹಿಳೆಯರು ಸೇರಿ ಬಡ ಮನೆಗಳ ಕೂಸುಗಳಿಗೆ ಕೌದಿ ಹೊಲಿಯುವ ಕೆಲಸ ಶುರುವಾಯಿತು. ಬಹುಪಾಲು ಜನ ಹೊಸಬರೇ. ಹೊಸಬರಿಗೆ ಹೇಳಿಕೊಡುವುದು ಹೆಚ್ಚೇನಿಲ್ಲ. ಮೂರಡಿ ಉದ್ದ, ಮೂರಡಿ ಅಗಲ ಸಾಕು. ಬಟ್ಟೆ ಹತ್ತಿಯದೇ ಆಗಿರಲಿ, ಹಳೆಯದೇ ಆಗಿರಲಿ. ಹಲವು ಸಲ ಒಗೆದ ಹತ್ತಿಯಷ್ಟು ಮೃದುವಾದದ್ದು ಅಂಗಡಿಯಲ್ಲಿ ಸಿಕ್ಕದು. ಹೊಲಿಯುವ ಮುನ್ನ ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಗುಂಡಿ, ಮಣಿ, ಜರಿ ಬೇಡ. ಸಡಿಲ ದಾರ ಬಿಡಬಾರದು, ಕೂಸಿನ ಬೆರಳಿಗೆ ಸುತ್ತಿಕೊಂಡೀತು. ಎದ್ದು ಹೋಗುವಾಗ ಸೂಜಿಗಳನ್ನು ಎಣಿಸಲೇಬೇಕು. ಇನ್ನೊಂದು ಮಾತು, ಅಜ್ಜಿಯರು ಕೋಪಿಸಿಕೊಳ್ಳಬಾರದು: ವರ್ಷ ತುಂಬುವ ತನಕ ಮಲಗಿದ ಕೂಸಿನ ಮೇಲೆ ಸಡಿಲವಾದ ಹೊದಿಕೆ ಹಾಕಬಾರದೆಂದು ವೈದ್ಯರು ಹೇಳುತ್ತಾರೆ, ಉಸಿರು ಕಟ್ಟುವ ಭಯವಿದೆ. ಎಚ್ಚರವಿರುವ ಕೂಸನ್ನು ನೆಲದ ಮೇಲೆ ಬಿಡುವಾಗ ಕೌದಿ ಹಾಸಿ, ಮಡಿಲಲ್ಲಿ ಎತ್ತಿಕೊಂಡಿರುವಾಗ ಹೊದಿಸಿ. ವರ್ಷ ತುಂಬಿದ ಮೇಲೆ ಹೊದಿಕೆಯೂ ಆದೀತು.

ಮೂರು ವರ್ಷಗಳ ಹಿಂದೆ ಈ ಗುಂಪಿಗೆ ಒಬ್ಬ ತರುಣಿ ಬಂದರು. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮೊದಲ ಬಸಿರು. ಹೊಲಿಗೆ ಗೊತ್ತಿರಲಿಲ್ಲ. ತಮ್ಮದೇ ಕೂಸಿಗೆಂದು ತಾಯಿಯ ಹಳೆಯ ಸೀರೆ ತಂದು, ಮೂಲೆಗೆ ಹೂವು ಇಟ್ಟು ಶುರು ಮಾಡಿದರು. ಇನ್ನೂ ಕೆಲವು ಸುತ್ತು ಬಾಕಿ ಇರುವಾಗ, ಮೂರನೆಯ ತಿಂಗಳಲ್ಲಿ, ಗರ್ಭಪಾತವಾಯಿತು. (ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.)

ಕೆಲವು ದಿನಗಳ ನಂತರ ಆ ಅರೆಬರೆ ಕೌದಿಯನ್ನು ಚೀಲದಲ್ಲಿಟ್ಟುಕೊಂಡು ನನ್ನ ಬಳಿ ಬಂದರು. ಮನೆಯಲ್ಲಿ ಹಿರಿಯರು ಅಂದಿದ್ದರಂತೆ: ಮೊದಲೇ ಹೊಲಿದದ್ದಕ್ಕೇ ಹೀಗಾಯಿತು ಎಂದು. ನಾನು ಏನು ಮಾಡಿದೆ ಗೊತ್ತೇ? ಎಲ್ಲವೂ ದೇವರ ಚಿತ್ತ ಎಂದೆ. ಸಂಜೆಯ ಪೂಜೆಗೆ ಹೊತ್ತಾಗಿತ್ತು. ಅವರು ತಲೆ ಆಡಿಸಿ ಹೊರಟುಹೋದರು. ಮುಂದೆ ಎರಡು ಭಾನುವಾರ ಅವರು ದೇವಾಲಯದಲ್ಲಿ ಕಾಣಲಿಲ್ಲ. ನನ್ನ ಮಾತು ಆ ಹಿರಿಯರ ಮಾತಿಗಿಂತ ಉತ್ತಮವಾಗಿರಲಿಲ್ಲವೆಂದು ಆಮೇಲೆ ಹೊಳೆಯಿತು. ಅವರು ಸೂಜಿಯ ಮೇಲೆ ತಪ್ಪು ಹೊರಿಸಿದ್ದರು, ನಾನು ದೇವರ ಮೇಲೆ ಹೊರಿಸಿದ್ದೆ.

ಅವರ ಮನೆಗೆ ಹೋಗಿ ಅತ್ತೆ, ಗಂಡ ಎಲ್ಲರೂ ಇರುವಾಗಲೇ ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ಕೌದಿ ಹೊಲಿದದ್ದರಿಂದ ಯಾವ ಕೂಸೂ ಸಾಯುವುದಿಲ್ಲ. ಮೊದಲ ತಿಂಗಳುಗಳ ಗರ್ಭಪಾತಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ ದೋಷವೇ ಕಾರಣವೆಂದು ವೈದ್ಯರು ಹೇಳುತ್ತಾರೆ. ಅದು ತಾಯಿಯ ತಪ್ಪಲ್ಲ. ಹುಟ್ಟುಕುರುಡನನ್ನು ತೋರಿಸಿ ಇದು ಯಾರ ಪಾಪದ ಫಲವೆಂದು ಶಿಷ್ಯರು ಕೇಳಿದಾಗ, ಯೇಸುಸ್ವಾಮಿ ಅವನ ಮೇಲಾಗಲಿ, ಅವನ ತಂದೆತಾಯಿಗಳ ಮೇಲಾಗಲಿ ಪಾಪ ಹೊರಿಸಲಿಲ್ಲ (ಯೊವಾನ್ನ 9:1-3). ಕ್ರೈಸ್ತರ ಮನೆಯಲ್ಲಿ ಒಬ್ಬ ತಾಯಿಯ ಮೇಲೆ ಇಂಥ ಹೊರೆ ಹೊರಿಸುವುದು ಮೂಢನಂಬಿಕೆ ಮಾತ್ರವಲ್ಲ, ಕ್ರೌರ್ಯ.

ಅತ್ತೆ ಅಳತೊಡಗಿದರು. ಅವರದೂ ಹಿಂದೊಮ್ಮೆ ಹೀಗೆಯೇ ಆಗಿತ್ತಂತೆ. ಅವರಿಗೂ ಯಾರೋ ಹಾಗೆಯೇ ಹೇಳಿದ್ದರಂತೆ.

ಆ ತರುಣಿ ಎರಡು ಪ್ರಶ್ನೆ ಕೇಳಿದರು. ದೀಕ್ಷಾಸ್ನಾನವಿಲ್ಲದ ನನ್ನ ಕೂಸು ಎಲ್ಲಿದೆ? ನಮ್ಮ ಹಿರಿಯರು ಲಿಂಬೊ ಎಂದು ಕಲಿತಿದ್ದರು. ಅದು ಧರ್ಮಸಭೆ ಎಂದೂ ವಿಶ್ವಾಸಸತ್ಯವೆಂದು ಸಾರಿದ ಬೋಧನೆಯಲ್ಲ. 1992ರ ಕಥೋಲಿಕ ಧರ್ಮೋಪದೇಶ (1261) ಇಂಥ ಮಕ್ಕಳನ್ನು ದೇವರ ಕರುಣೆಗೆ ಒಪ್ಪಿಸುತ್ತದೆ. 2007ರಲ್ಲಿ ಅಂತರರಾಷ್ಟ್ರೀಯ ದೈವಶಾಸ್ತ್ರ ಆಯೋಗವು, ಪೋಪ್ ಹದಿನಾರನೆಯ ಬೆನೆಡಿಕ್ಟರ ಸಮ್ಮತಿಯೊಂದಿಗೆ, ಅವರ ರಕ್ಷಣೆಯ ಬಗ್ಗೆ ಭರವಸೆಯಿಡಲು ಬಲವಾದ ಆಧಾರಗಳಿವೆ ಎಂದಿತು. ಖಚಿತ ಜ್ಞಾನವೆನ್ನಲಿಲ್ಲ, ಭರವಸೆ ಎಂದಿತು. ನಾನೂ ಅಷ್ಟನ್ನೇ ಹೇಳಿದೆ. ದೀಕ್ಷಾಸ್ನಾನ ಕೊಡಿಸಬೇಕೆಂದು ತಂದೆತಾಯಿ ಬಯಸಿದ್ದ ಕೂಸಿಗೆ ಧರ್ಮಸಭೆಯ ಅಂತ್ಯಕ್ರಿಯೆ ನಡೆಸಲು ಧರ್ಮಾಧ್ಯಕ್ಷರು ಅನುಮತಿ ಕೊಡಬಹುದೆಂಬುದನ್ನೂ ತಿಳಿಸಿದೆ (ಧರ್ಮಸಭೆಯ ಕಾನೂನು 1183). ಇದು ಅನೇಕರಿಗೆ ಗೊತ್ತಿಲ್ಲ.

ಎರಡನೆಯ ಪ್ರಶ್ನೆ ಕಷ್ಟದ್ದು. ಹಾಗಾದರೆ ಇದನ್ನು ಯಾರಿಗಾಗಿ ಹೊಲಿದೆ? ಸೆಮಿನರಿಯಲ್ಲಿ ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಓದಿದ್ದೆ. ಯಾವ ವಸ್ತುವಿಗಾದರೂ ಒಂದು ಅಂತಿಮ ಗುರಿಯಿರುತ್ತದೆ, ಅದಕ್ಕಾಗಿಯೇ ಅದನ್ನು ಮಾಡಲಾಗುತ್ತದೆ. ಗುರಿಯೇ ಹೊರಟುಹೋದರೆ? ತತ್ವಶಾಸ್ತ್ರ ನನಗೆ ಅಲ್ಲಿ ನೆರವಾಗಲಿಲ್ಲ. ಹನ್ನಳನ್ನು ನೆನೆದೆ. ಮಗ ಸಮುವೇಲನನ್ನು ದೇವಾಲಯಕ್ಕೆ ಒಪ್ಪಿಸಿ ಬಂದ ಮೇಲೂ ಆಕೆ ವರ್ಷ ವರ್ಷವೂ ಅವನಿಗೊಂದು ಪುಟ್ಟ ನಿಲುವಂಗಿ ಮಾಡಿ ಒಯ್ಯುತ್ತಿದ್ದಳು (1 ಸಮುವೇಲ 2:19). ಮಗ ಮಡಿಲಲ್ಲಿಲ್ಲ, ಆದರೂ ಮಗನೇ. "ನೀವು ಹೊಲಿಯುತ್ತಿದ್ದಾಗ ಆ ಕೂಸು ಇತ್ತು. ಇದ್ದವರಿಗಾಗಿಯೇ ಹೊಲಿದಿರಿ" ಎಂದೆ.

ಕೂಸಿಗೆ ಹೆಸರಿಟ್ಟು ಒಂದು ಬಲಿಪೂಜೆ ಅರ್ಪಿಸಿದೆವು. ಅತ್ತೆ ಮುಂದಿನ ಸಾಲಿನಲ್ಲಿದ್ದರು. ಈಗ ಅತ್ತೆ ಸೊಸೆ ಇಬ್ಬರೂ ಶನಿವಾರ ಬರುತ್ತಾರೆ, ಹೊಸಬರಿಗೆ ಮೂಲೆಯ ಹೂವು ಮಡಿಸುವುದನ್ನು ಸೊಸೆಯೇ ಕಲಿಸುತ್ತಾರೆ. ಆ ಕೌದಿ ಅವರ ಪೆಟ್ಟಿಗೆಯಲ್ಲಿದೆ, ನಡುವೆ ಇನ್ನೂ ಒಂದು ಗೇಣಿನಷ್ಟು ಹೊಲಿಗೆಯಿಲ್ಲ. ಮುಗಿಸಿರೆಂದು ನಾನು ಹೇಳಿಲ್ಲ, ಅವರೂ ಆ ಮಾತೆತ್ತಿಲ್ಲ. ಕಳೆದ ತಿಂಗಳು ಆರು ತಿಂಗಳ ಗರ್ಭಿಣಿಯೊಬ್ಬರು ಬಾಗಿಲಲ್ಲೇ ನಿಂತು, ಈಗಲೇ ಹೊಲಿದರೆ ಏನೂ ಆಗುವುದಿಲ್ಲವೇ ಎಂದು ಕೇಳಿದರು. ಅತ್ತೆಯೇ ಎದ್ದು ಹೋಗಿ, ಒಳಗೆ ಕರೆತಂದು, ಪಕ್ಕದಲ್ಲಿ ಕೂರಿಸಿಕೊಂಡು ಸೂಜಿಗೆ ದಾರ ಪೋಣಿಸಿಕೊಟ್ಟರು.