ಸ್ಮರಣೆಗೂ ಎರಡು ದಿಕ್ಕು

ಅಗಲಿದವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬುದು ಹಿರಿಯರು ಕಲಿಸಿದ ಮರ್ಯಾದೆ. ಆದರೆ ತಾನಾಗಿ ಆರಿಸಿಕೊಂಡ ಅಪಾಯದಲ್ಲಿ ಪ್ರಾಣ ಕಳೆದುಕೊಂಡ ಸ್ನೇಹಿತರನ್ನು ನೆನೆಯಲು ಈ ಮರ್ಯಾದೆಯೊಂದೇ ಸಾಕೇ? ಹೊಗಳಿದರೆ ಅಪಾಯವನ್ನೇ ಹೊಗಳಿದಂತಾಗುತ್ತದೆ. ದೂರಿದರೆ ಸ್ನೇಹಕ್ಕೆ ದ್ರೋಹ ಬಗೆದಂತಾಗುತ್ತದೆ. ನೆಲದ ಮೇಲಿನ ಅತಿವೇಗದ ದಾಖಲೆಗಾಗಿ ಶ್ರಮಿಸುವವರಿಗೆ ಈ ಇಕ್ಕಟ್ಟು ಹೊಸದಲ್ಲ.

ಅಮೆರಿಕದ ಜೆಸ್ಸಿ ಕೋಂಬ್ಸ್ ಲೋಹ ಬೆಸೆಯುವ ಕೆಲಸದಲ್ಲಿ ನಿಪುಣೆ, ಟಿ.ವಿ. ಕಾರ್ಯಕ್ರಮಗಳ ನಿರೂಪಕಿ. 2019ರ ಆಗಸ್ಟ್ 27ರಂದು ಒರೆಗಾನ್ ರಾಜ್ಯದ ಆಲ್ವರ್ಡ್ ಮರುಭೂಮಿಯಲ್ಲಿ ಆಕೆ ಜೆಟ್ ಕಾರೊಂದನ್ನು ಓಡಿಸುತ್ತಿದ್ದರು. ಹಳೆಯ ಯುದ್ಧವಿಮಾನದ ಒಡಲಿನಿಂದ ರೂಪಿಸಿದ ವಾಹನವದು. ಮುಂದಿನ ಗಾಲಿ ಕುಸಿದು ಅಪಘಾತವಾಯಿತು. 39ನೆಯ ವಯಸ್ಸಿನಲ್ಲಿ ಆಕೆ ತೀರಿಕೊಂಡರು. ಅಂದಿನ ಗಂಟೆಗೆ 841.338 ಕಿಲೋಮೀಟರ್ ವೇಗವನ್ನು ಮಹಿಳೆಯೊಬ್ಬರ ಅತ್ಯಧಿಕ ನೆಲವೇಗವೆಂದು ಗಿನ್ನೆಸ್ ಸಂಸ್ಥೆ 2020ರಲ್ಲಿ ಮಾನ್ಯ ಮಾಡಿತು. ದಾವಣಗೆರೆಯಿಂದ ಹರಿಹರಕ್ಕೆ ಸುಮಾರು 14 ಕಿಲೋಮೀಟರ್; ಆ ವೇಗಕ್ಕೆ ಇದು ಒಂದೇ ನಿಮಿಷದ ದಾರಿ.

ಆ ವಾಹನವನ್ನು ಕಟ್ಟಿದ ತಂಡದ ಮುಂದಾಳು ಎಡ್ ಶ್ಯಾಡಲ್ ಅದಕ್ಕೂ ಹಿಂದಿನ ವರ್ಷ, 2018ರಲ್ಲಿ, ನಿಧನರಾಗಿದ್ದರು. ಹೀಗೆ ಆ ಗೆಳೆಯರ ಬಳಗಕ್ಕೆ ಒಂದರ ಹಿಂದೊಂದು ಅಗಲಿಕೆ. ದಾಖಲೆಯೊಂದೇ ಜೆಸ್ಸಿಯ ಸ್ಮಾರಕವಾಗಲಿಲ್ಲ. ಆಕೆಯ ಹೆಸರಿನ ಪ್ರತಿಷ್ಠಾನವು ಕಸುಬು ಕಲಿಯುವ ಹೆಣ್ಣುಮಕ್ಕಳಿಗೆ ವಿದ್ಯಾರ್ಥಿವೇತನ ನೀಡುತ್ತಿದೆ. ಆಕೆಯ ವೇಗವನ್ನಲ್ಲ, ಆಕೆಯ ಕೈಗುಣವನ್ನು ಮುಂದಿನವರಿಗೆ ದಾಟಿಸುವ ಕಾರ್ಯವಿದು. 1941ರಲ್ಲಿ ಸ್ಥಾಪನೆಯಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಯಂತ್ರಗಳನ್ನು ತಯಾರಿಸಿದ ಹರಿಹರದ ಮನೆಗಳಿಗೆ ಇದರ ಬೆಲೆಯನ್ನು ವಿವರಿಸಬೇಕಿಲ್ಲ. ಯಂತ್ರದ ಮೇಲಿನ ಪ್ರೀತಿ ಪಾಪವಲ್ಲ. ಸೃಷ್ಟಿಕರ್ತನು ಕೊಟ್ಟ ಬುದ್ಧಿಗೆ ಸಲ್ಲುವ ಕೃತಜ್ಞತೆಯೂ ಆಗಬಹುದು.

ಆದರೂ ಪ್ರಶ್ನೆ ಉಳಿಯುತ್ತದೆ. ವೇಗದ ಮೋಹದಿಂದ ತಮ್ಮ ಹಾಗೂ ಪರರ ಸುರಕ್ಷತೆಯನ್ನು ಅಪಾಯಕ್ಕೆ ಒಡ್ಡುವವರು ಗಂಭೀರ ಅಪರಾಧಕ್ಕೆ ಗುರಿಯಾಗುತ್ತಾರೆಂದು ಕಥೋಲಿಕ ಧರ್ಮಸಭೆಯ ಉಪದೇಶ ಗ್ರಂಥವು 2290ನೆಯ ಪರಿಚ್ಛೇದದಲ್ಲಿ ಎಚ್ಚರಿಸುತ್ತದೆ. ನಿರ್ಜನ ಮರುಭೂಮಿಯಲ್ಲಿ ಸಿದ್ಧತೆಯೊಡನೆ ಓಡಿಸುವುದಕ್ಕೂ ಜನನಿಬಿಡ ರಸ್ತೆಯಲ್ಲಿ ನುಗ್ಗುವುದಕ್ಕೂ ಅಂತರವಿದೆ ನಿಜ. ಆದರೆ ನಮ್ಮ ಪ್ರಾಣವೂ ದೇವರ ವರವೇ. ಅದಕ್ಕೆ ನಾವು ಒಡೆಯರಲ್ಲ, ಪಾಲಕರು ಮಾತ್ರ. ಇನ್ನು ಎಳೆಯರ ವಿಷಯದಲ್ಲಿ ಆಯ್ಕೆಯೆಂಬ ಮಾತೇ ತೊಡಕಿನದು. 2023ರ ಆಗಸ್ಟ್ 5ರಂದು ಬೆಂಗಳೂರಿನ 13 ವರ್ಷದ ಶ್ರೇಯಸ್ ಹರೀಶ್ ಚೆನ್ನೈ ಸಮೀಪ ನಡೆದ ರಾಷ್ಟ್ರೀಯ ಮೋಟಾರ್‌ಸೈಕಲ್ ಸ್ಪರ್ಧೆಯಲ್ಲಿ ಬಿದ್ದು ಅಸುನೀಗಿದಾಗ, ಅಂದಿನ ಮತ್ತು ಮರುದಿನದ ಸ್ಪರ್ಧೆಗಳು ರದ್ದಾದವು. ವೇಗವನ್ನೇ ಉಸಿರಾಡುವವರು ನಿಂತುಬಿಟ್ಟರು. ಆ ನಿಲುಗಡೆಯೂ ಒಂದು ಶ್ರದ್ಧಾಂಜಲಿಯೇ.

ಬೆಥಾನಿಯದಲ್ಲಿ ಗೆಳೆಯ ಲಾಜರನ ಸಮಾಧಿಯತ್ತ ನಡೆದ ಪ್ರಭು ಯೇಸು ಕಣ್ಣೀರಿಟ್ಟರು. ಅವರು ಮೊದಲೇ ಬಂದಿದ್ದರೆ ಸಹೋದರ ಸಾಯುತ್ತಿರಲಿಲ್ಲವೆಂಬ ಮಾರ್ತ, ಮರಿಯರ ನೋವಿನ ಮಾತನ್ನೂ ತಾಳ್ಮೆಯಿಂದ ಕೇಳಿಸಿಕೊಂಡರು. ಪ್ರೀತಿಯ ಕಣ್ಣೀರಿಗೂ ಕಹಿಯಾದ ಪ್ರಶ್ನೆಗೂ ಅಲ್ಲಿ ಎಡೆಯಿತ್ತು. ಒಂದನ್ನು ಅಡಗಿಸಿ ಇನ್ನೊಂದನ್ನು ಉಳಿಸಬೇಕಾಗಿರಲಿಲ್ಲ.

ನೆಲವೇಗದ ವಿಶ್ವದಾಖಲೆಗೆ ಒಂದು ನಿಯಮವುಂಟು. ಒಂದೇ ದಿಕ್ಕಿನಲ್ಲಿ ಎಷ್ಟು ವೇಗವಾಗಿ ಓಡಿದರೂ ದಾಖಲೆಯಾಗದು; ಒಂದು ಗಂಟೆಯೊಳಗೆ ಅದೇ ಪಥದಲ್ಲಿ ಮರಳಿ ಓಡಬೇಕು. ಎರಡರ ಸರಾಸರಿಯೇ ಲೆಕ್ಕಕ್ಕೆ ಬರುತ್ತದೆ, ಏಕೆಂದರೆ ಬೆನ್ನಿಗೆ ಬೀಸಿದ ಗಾಳಿ ಮರಳುವಾಗ ಎದುರಾಗುತ್ತದೆ. ಸ್ಮರಣೆಗೂ ಈ ನ್ಯಾಯ ಸಲ್ಲುತ್ತದೆ. ಬರಿಯ ಹೊಗಳಿಕೆ ಒಮ್ಮುಖದ ಓಟ. ಬರಿಯ ತೀರ್ಪೂ ಅಷ್ಟೇ. ಸ್ನೇಹಿತನ ಧೈರ್ಯ, ಶಿಸ್ತುಗಳನ್ನು ಮನಸಾರೆ ಮೆಚ್ಚಿ, ಅವನನ್ನು ಕಳೆದುಕೊಂಡದ್ದು ಏತರಿಂದ ಎಂಬ ಸತ್ಯವನ್ನೂ ನುಡಿದಾಗಲೇ ನೆನಪು ಪೂರ್ಣವಾಗುತ್ತದೆ.

ನಮ್ಮ ಎರಡೂ ಊರುಗಳ ಮಗ್ಗುಲಲ್ಲಿ ರಾಷ್ಟ್ರೀಯ ಹೆದ್ದಾರಿ 48 ಸಾಗುತ್ತದೆ. ಬೈಕಿನ ಕನಸು ಕಾಣುವ ಮಕ್ಕಳು ಅನೇಕ ಮನೆಗಳಲ್ಲಿದ್ದಾರೆ. ಅಪಘಾತದಲ್ಲಿ ಅಗಲಿದ ಗೆಳೆಯನ ಬಗ್ಗೆ ಅವರು ಕೇಳಿದಾಗ ಮಾತು ಮರೆಸದಿರೋಣ. ಅವನು ಎಷ್ಟು ಒಳ್ಳೆಯವನಾಗಿದ್ದನೆಂಬುದನ್ನೂ, ಆ ದಿನ ಏನಾಯಿತೆಂಬುದನ್ನೂ ಒಟ್ಟಿಗೇ ಹೇಳೋಣ. ನವೆಂಬರ್ 2ರಂದು ಸಕಲ ಮೃತವಿಶ್ವಾಸಿಗಳ ಸ್ಮರಣೆಯಲ್ಲಿ ಅವನ ಹೆಸರಿಟ್ಟು ಪ್ರಾರ್ಥಿಸೋಣ. ಅವನ ಆತ್ಮವನ್ನು ದೇವರ ಕರುಣೆಗೆ ಒಪ್ಪಿಸಬಹುದು. ಅವನ ನೆನಪಿನ ಸತ್ಯವನ್ನು ಕಾಯುವ ಹೊಣೆ ಮಾತ್ರ ಬದುಕಿರುವ ನಮ್ಮದು.