ಭರಣಿಯ ಮೇಲಿನ ಚೀಟಿ

ನಮ್ಮ ಅಜ್ಜಿ ಮಾವಿನ ಮಿಡಿಯನ್ನು ಉಪ್ಪಿನಲ್ಲಿ ಹಾಕಿ, ಭರಣಿಯ ಬಾಯಿಗೆ ಬಿಳಿಯ ಬಟ್ಟೆ ಕಟ್ಟಿ ಇರಿಸುತ್ತಿದ್ದಳು. ವರುಷ ಕಳೆದರೂ ಮಿಡಿ ಕೊಳೆಯುತ್ತಿರಲಿಲ್ಲ. ಆದರೆ ಮರದಿಂದ ಇಳಿದ ಮಿಡಿಯೂ ಅದಾಗಿ ಉಳಿದಿರಲಿಲ್ಲ. ಮೈ ಸುಕ್ಕಿ, ಬಣ್ಣ ಮಾಸಿ, ತನ್ನ ಹುಳಿಯನ್ನು ನೀರಿಗೆ ಕೊಟ್ಟು, ನೀರಿನ ಉಪ್ಪನ್ನು ತಾನು ಕುಡಿದಿರುತ್ತಿತ್ತು. ಊಟಕ್ಕೆ ಕುಳಿತವನಿಗೆ ಇದರಿಂದ ನಷ್ಟವಿಲ್ಲ. ಆದರೆ ಆ ಮಿಡಿಯನ್ನು ಎತ್ತಿ ಹಿಡಿದು, ‘ಮರದಲ್ಲಿದ್ದಾಗ ನಿನ್ನಲ್ಲಿ ಉಪ್ಪೆಷ್ಟಿತ್ತು?’ ಎಂದು ಕೇಳುವವನೊಬ್ಬ ಬಂದರೆ ಅದರ ಉತ್ತರವನ್ನು ನಂಬುವುದು ಹೇಗೆ?

ಹಾಗೆ ಕೇಳುವವರು ಇದ್ದಾರೆ. ಅವರು ಕೇಳುವುದು ಮಿಡಿಯನ್ನಲ್ಲ, ತಿಮಿಂಗಿಲವನ್ನು. ಕಡಲಿನ ಆ ಮಹಾಪ್ರಾಣಿ ಏನು ತಿಂದಿತು, ಯಾವ ನೀರಿನಲ್ಲಿ ಮೇದಿತು, ಅದರ ಕೊಬ್ಬಿನಲ್ಲಿ ಡಿ.ಡಿ.ಟಿ.ಯಂಥ ವಿಷ ಎಷ್ಟು ಸೇರಿದೆ ಎಂದು ತಿಳಿಯಲು ವಿಜ್ಞಾನಿಗಳು ದೋಣಿಯಿಂದ ಟೊಳ್ಳು ಮೊನೆಯ ಬಾಣವನ್ನು ಹೊಡೆದು, ಚರ್ಮ ಮತ್ತು ಕೊಬ್ಬಿನ ಒಂದು ಸಣ್ಣ ತುಣುಕನ್ನು ತರುತ್ತಾರೆ. ಬದುಕಿರುವ ಪ್ರಾಣಿಯ ಮೈಗೆ ಗಾಯ ಮಾಡಿ ತಂದ ತುಣುಕು ಅದು. ಅದನ್ನು ಕೆಡಿಸುವ ಹಕ್ಕು ಯಾರಿಗೂ ಇಲ್ಲ.

ಕೆಡದಂತೆ ಇಡುವುದಾದರೂ ಹೇಗೆ? ಘನವಾಗಿ ಹೆಪ್ಪುಗಟ್ಟಿಸಿ ಇಡುವುದೇ ಮೇಲು. ಆದರೆ ನಡುಗಡಲಿನಲ್ಲಿ ಆ ಶೈತ್ಯ ಎಲ್ಲರಿಗೂ ಎಟುಕದು. ಆದ್ದರಿಂದ ಕೆಲವರು ಆಲ್ಕೊಹಾಲಿನಲ್ಲಿ ಇಡುತ್ತಾರೆ. ಕೆಲವರು ಡೈಮೀಥೈಲ್ ಸಲ್ಫಾಕ್ಸೈಡ್ ಎಂಬ ದ್ರವಕ್ಕೆ ಉಪ್ಪು ಇನ್ನು ಕರಗದು ಎನ್ನುವಷ್ಟು ಬೆರೆಸಿ ಅದರಲ್ಲಿ ಇಡುತ್ತಾರೆ. ಇದೂ ಒಂದು ಬಗೆಯ ಉಪ್ಪಿನಕಾಯಿಯೇ! ವಂಶವಾಹಿಯನ್ನು ಓದುವವರಿಗೆ ಈ ಉಪ್ಪುದ್ರಾವಣ ವರದಾನ. ಆದರೆ ಆಹಾರದ ಕಥೆಯನ್ನು ಓದುವವರಿಗೆ ಅದೇ ತೊಡಕು.

ಏಕೆಂದರೆ ಅವರು ಓದುವುದು ಇಂಗಾಲ ಮತ್ತು ಸಾರಜನಕಗಳ ಹಗುರ ಪರಮಾಣುಗಳಿಗೂ ಭಾರದ ಪರಮಾಣುಗಳಿಗೂ ಇರುವ ಪ್ರಮಾಣವನ್ನು. ಆಹಾರದ ಏಣಿಯಲ್ಲಿ ಒಂದು ಮೆಟ್ಟಿಲು ಮೇಲೇರಿದರೆ ಭಾರದ ಸಾರಜನಕ ಏರುವುದು ಸಾವಿರಕ್ಕೆ ಸುಮಾರು 3ರಷ್ಟು ಮಾತ್ರ. ಇಂಗಾಲದ ಏರಿಕೆ ಇನ್ನೂ ಕಡಿಮೆ. ಇಷ್ಟು ನವಿರಾದ ಲೆಕ್ಕದಲ್ಲಿ ಸೀಸೆಯೊಳಗಿನ ದ್ರವವೂ ಬಾಯಿ ಹಾಕುತ್ತದೆ. ದ್ರಾವಣದಲ್ಲಿಯೂ ಫಾರ್ಮಲಿನ್ನಿನಲ್ಲಿಯೂ ತಮ್ಮದೇ ಇಂಗಾಲವಿದೆ. ಅದು ಮಾಂಸದಲ್ಲಿ ಬೆರೆಯುತ್ತದೆ. ಆಲ್ಕೊಹಾಲು ಕೊಬ್ಬನ್ನು ಕರಗಿಸಿ ಹೊರಗೆ ಎಳೆಯುತ್ತದೆ. ಕೊಬ್ಬಿನಲ್ಲಿ ಭಾರದ ಇಂಗಾಲ ಕಡಿಮೆಯಾದ್ದರಿಂದ ಉಳಿದದ್ದರ ಲೆಕ್ಕ ಮೇಲೇರುತ್ತದೆ. ವಿಷವನ್ನು ಅಳೆಯುವವರ ಪಾಡು ಇನ್ನೊಂದು: ಕೊಬ್ಬಿನಲ್ಲಿ ಕರಗುವ ವಿಷಗಳನ್ನು ಅಳೆಯುವುದಾದರೆ ಗಾಜಿನ ಸೀಸೆ ಬೇಕು, ಲೋಹವನ್ನು ಅಳೆಯುವುದಾದರೆ ತೊಳೆದ ಪ್ಲಾಸ್ಟಿಕ್ ಬೇಕು. ಒಬ್ಬನ ಗೆಳೆಯ ಇನ್ನೊಬ್ಬನಿಗೆ ಹಗೆ.

ಇಲ್ಲಿ ತತ್ತ್ವದ ಪ್ರಶ್ನೆಯೊಂದಿದೆ. ಕಾಪಾಡುವುದೆಂದರೆ ಇದ್ದುದನ್ನು ಇದ್ದಂತೆಯೇ ಇಡುವುದೆಂದು ನಾವು ಭಾವಿಸುತ್ತೇವೆ. ನಿಜವಾಗಿ ನಾವು ಮಾಡುವುದು ಯಾವುದನ್ನು ಉಳಿಸಬೇಕು, ಯಾವುದು ಹೋದರೂ ಆದೀತು ಎಂಬ ಆಯ್ಕೆಯನ್ನು. ಕನ್ನಡ ಪಾಠ ಹೇಳುವ ನನಗೆ ಇದು ಹೊಸದಲ್ಲ. ಓಲೆಗರಿಯ ಕಾವ್ಯಗಳನ್ನು ನಮಗೆ ಉಳಿಸಿಕೊಟ್ಟವರು ಪ್ರತಿಮಾಡಿದ ಲಿಪಿಕಾರರು; ಅಲ್ಲಲ್ಲಿ ಅವನ್ನು ತಿದ್ದಿದವರೂ ಅವರೇ. ಒಳ್ಳೆಯ ಸಂಪಾದಕನು ಅವರನ್ನು ಬೈಯುವುದಿಲ್ಲ. ಪಾಠಾಂತರಗಳನ್ನು ಅಡಿಯಲ್ಲಿ ಬರೆದಿಡುತ್ತಾನೆ.

ಆಯ್ಕೆ ಮಾಡುವವನಿಗೆ ನಾಳೆಯ ಪ್ರಶ್ನೆ ಗೊತ್ತಿರುವುದಿಲ್ಲ ಎಂಬುದು ಇನ್ನೂ ಕಷ್ಟ. ತಿಮಿಂಗಿಲದ ಕಿವಿಯಲ್ಲಿ ಮೇಣ ಪದರಪದರವಾಗಿ ಸೇರಿ ಬಿರಡೆಯಾಗುತ್ತದೆ. ಆ ಪದರಗಳಿಂದ ವಯಸ್ಸು ತಿಳಿಯಬಹುದೆಂದು 1955ರಲ್ಲಿ ಪರ್ವಿಸ್ ಎಂಬವರು ಬರೆದರು. ಅಂಥ ಬಿರಡೆಗಳು ವಸ್ತುಸಂಗ್ರಹಾಲಯಗಳ ಕಪಾಟುಗಳನ್ನು ಸೇರಿದವು. 2013ರಲ್ಲಿ ಒಂದು ನೀಲಿ ತಿಮಿಂಗಿಲದ ಬಿರಡೆಯಿಂದ ಅದರ ಇಡೀ ಬಾಳಿನ ಹಾರ್ಮೋನುಗಳ ಮತ್ತು ವಿಷಗಳ ಚರಿತ್ರೆಯನ್ನು ಓದಿದರು. 2018ರಲ್ಲಿ ಹಲವು ಬಿರಡೆಗಳನ್ನು ಸೇರಿಸಿ ನೋಡಿದಾಗ, 1870ರಿಂದ 2016ರವರೆಗಿನ ಅವಧಿಯಲ್ಲಿ ಬೇಟೆ ಹೆಚ್ಚಿದಂತೆ ಈ ಪ್ರಾಣಿಗಳ ಸಂಕಟದ ಹಾರ್ಮೋನೂ ಹೆಚ್ಚಿತ್ತೆಂದು ಕಂಡಿತು. ವಯಸ್ಸಿಗೆಂದು ಇಟ್ಟ ಮೇಣ ಸಂಕಟದ ಸಾಕ್ಷಿ ನುಡಿಯಿತು. ಹಾರ್ಮೋನನ್ನು ಕದಡುವ ದ್ರವದಲ್ಲಿ ಅವನ್ನು ಅದ್ದಿಟ್ಟಿದ್ದರೆ ಆ ಸಾಕ್ಷಿ ನಮಗೆ ಕೇಳಿಸುತ್ತಿತ್ತೆ?

ಹಾಗಾದರೆ ನಮ್ಮ ಧರ್ಮವೇನು? ಮುಟ್ಟದೆ ಉಳಿಸುವುದು ಆಗದ ಮಾತು. ಆಗುವುದು ಎರಡು. ಸಾಧ್ಯವಾದಲ್ಲಿ ತುಣುಕಿನ ಒಂದು ಪಾಲನ್ನು ಏನೂ ಬೆರೆಸದೆ ಹೆಪ್ಪುಗಟ್ಟಿಸಿ ಇಡುವುದು ಒಂದು. ಆ ಪಾಲನ್ನೂ ದ್ರಾವಣದ ಪಾಲನ್ನೂ ಅಕ್ಕಪಕ್ಕ ಅಳೆದರೆ, ಸೀಸೆ ಸೇರಿಸಿದ್ದೆಷ್ಟು ಎಂಬುದು ತಿಳಿಯುತ್ತದೆ. ಯಾವುದರಲ್ಲಿ ಇಟ್ಟೆ, ಎಷ್ಟು ಕಾಲ ಇಟ್ಟೆ ಎಂದು ಚೀಟಿ ಬರೆದು ಅಂಟಿಸುವುದು ಇನ್ನೊಂದು. ಈ ಚೀಟಿ ಇಲ್ಲದಿದ್ದರೆ ಸೀಸೆಯ ತಪ್ಪನ್ನು ಕಡಲಿನ ತಲೆಗೆ ಕಟ್ಟಿಬಿಡಬಹುದು. ಕಡಲಿಗೆ ನಾವು ಮಾಡಿದ ತಪ್ಪನ್ನು ಸೀಸೆಯ ತಲೆಗೂ ಕಟ್ಟಬಹುದು. ತಿಮಿಂಗಿಲ ಬಂದು, ‘ನಾನು ಹೇಳಿದ್ದು ಹಾಗಲ್ಲ’ ಎನ್ನಲಾರದು. ಎದುರಾಡಲಾರದ ಸಾಕ್ಷಿಯ ಮಾತನ್ನು ಬರೆದುಕೊಳ್ಳುವವನ ಹೊಣೆ ಅದರಿಂದಲೇ ದೊಡ್ಡದು.

ಅಜ್ಜಿ ತೀರಿಕೊಂಡ ವರುಷ ಮನೆಯಲ್ಲಿ ಮೂರು ಭರಣಿಗಳು ಉಳಿದಿದ್ದುವು. ಯಾವುದು ಯಾವ ವರುಷದ್ದು, ಯಾವುದಕ್ಕೆ ಎಷ್ಟು ಉಪ್ಪು, ಎಲ್ಲವೂ ಅವಳ ನೆನಪಿನಲ್ಲಿತ್ತು, ಅವಳೊಡನೆಯೇ ಹೋಯಿತು. ನಾವು ಒಂದೊಂದನ್ನೂ ತೆರೆದು, ರುಚಿ ನೋಡಿ, ಊಹಿಸಿದೆವು. ಮೂವರು ಮೂರು ಬಗೆಯಾಗಿ ಹೇಳಿದರು.