ಹೆರಿಗೆಯ ಉಸಿರು, ಎರಡನೆಯ ಬಾಣ



*ಇಂದಿನ ಧಮ್ಮ ಚಿಂತನೆ*



ಕಳೆದ ಭಾನುವಾರ ನಾವು ಸಂಯುತ್ತ ನಿಕಾಯದ ಸಲ್ಲ ಸುತ್ತವನ್ನು ಓದಿದೆವು. ಸಲ್ಲ ಎಂದರೆ ಬಾಣ. ಧಮ್ಮ ಕೇಳದ ಮನುಷ್ಯನಿಗೆ ನೋವು ಬಂದಾಗ ಒಂದಲ್ಲ, ಎರಡು ಬಾಣ ನಾಟುತ್ತವೆ ಎಂದು ಭಗವಾನರು ಅಲ್ಲಿ ತಿಳಿಸುತ್ತಾರೆ. ಮೊದಲನೆಯದು ಮೈಗೆ ನಾಟುವ ಬಾಣ. ಎರಡನೆಯದು ಮನಸ್ಸಿಗೆ. ಹೆದರಿಕೆ, ಗೋಳು, ‘ನನಗೇ ಯಾಕೆ ಹೀಗೆ’ ಎಂಬ ಕೊರಗು, ಇವೆಲ್ಲ ಎರಡನೆಯ ಬಾಣ. ಧಮ್ಮ ಬಲ್ಲವನಿಗೂ ಮೊದಲ ಬಾಣ ತಪ್ಪುವುದಿಲ್ಲ. ಎರಡನೆಯದು ಮಾತ್ರ ನಾಟುವುದಿಲ್ಲ.

ಓದು ಮುಗಿದ ಮೇಲೆ ನಮ್ಮ ಬಳಗದ ಒಬ್ಬ ತಂಗಿ ನನ್ನ ಪಕ್ಕದಲ್ಲಿ ಬಂದು ಕುಳಿತರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. “ಅಕ್ಕಾ, ಬಸುರಿಯಾಗಿದ್ದಾಗ ದಿನಾ ಬೆಳಿಗ್ಗೆ ಆನಾಪಾನ ಮಾಡುತ್ತಿದ್ದೆ. ಆದರೂ ನೋವು ಬಂದಾಗ ಕಿರುಚಿಬಿಟ್ಟೆ. ಕೊನೆಗೆ ಸಿಸೇರಿಯನ್ ಆಯಿತು. ಮೊಬೈಲಿನಲ್ಲಿ ನೋಡಿದರೆ ಕೆಲವರು ನೀರಿನ ತೊಟ್ಟಿಯಲ್ಲಿ ಕಣ್ಣು ಮುಚ್ಚಿ ಕುಳಿತು, ಉಸಿರು ಬಿಡುತ್ತಲೇ ಹೆರುತ್ತಾರೆ. ಹಾಗಾದರೆ ನನ್ನ ಸಾಧನೆಯಲ್ಲೇ ಕೊರತೆ ಇತ್ತೇ?” ಎಂದು ಕೇಳಿದರು.

ಇದು ಒಬ್ಬರ ಪ್ರಶ್ನೆಯಲ್ಲ. ಧ್ಯಾನ ಮಾಡುವವರ ಮನಸ್ಸಿನಲ್ಲಿ ಈ ಲೆಕ್ಕಾಚಾರ ಸದ್ದಿಲ್ಲದೆ ಕೂತಿರುತ್ತದೆ. ಮನಸ್ಸು ಶಾಂತವಾಗಿದ್ದರೆ ಫಲವೂ ಚೆನ್ನಾಗಿರಬೇಕು. ಫಲ ಚೆನ್ನಾಗಿಲ್ಲವಾದರೆ ಮನಸ್ಸೇ ಸರಿಯಿರಲಿಲ್ಲ. ಈ ಲೆಕ್ಕ ಸರಿಯೇ ಎಂಬುದು ಇಂದಿನ ಚಿಂತನೆ.

*ಒಂದೇ ಉಸಿರು, ಎರಡು ಹೆರಿಗೆ*

ನನ್ನ ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿದ್ದಾಳೆ. ಅವಳ ಎರಡೂ ಬಾಣಂತನಕ್ಕೆ ನಾನೇ ಹೋಗಿದ್ದೆ. ಆ ದೇಶದಲ್ಲಿ ತೊಂದರೆಯಿಲ್ಲದ ಗರ್ಭಿಣಿ ಬಯಸಿದರೆ ಮನೆಯಲ್ಲೇ ಹೆರಬಹುದು. ಸರ್ಕಾರದ ಆರೋಗ್ಯ ಸೇವೆಯ ಮಿಡ್‌ವೈಫ್‌ಗಳೇ ಮನೆಗೆ ಬರುತ್ತಾರೆ. ಮಗಳು ‘ಹಿಪ್ನೋಬರ್ತಿಂಗ್’ ಎಂಬ ತರಗತಿಗೂ ಹೋಗಿದ್ದಳು. ಹೆಸರು ಕೇಳಿ ನಾನು ಮೊದಲು ಗಾಬರಿಯಾದೆ. ಯಾರೋ ಇವಳಿಗೆ ಮಂಕು ಕವಿಸುತ್ತಾರೇನೋ ಎಂದುಕೊಂಡೆ. ಹಾಗೇನೂ ಇಲ್ಲ. ಮೈ ಸಡಿಲ ಬಿಡುವುದು, ನಾಲ್ಕು ಎಣಿಸುತ್ತ ಉಸಿರು ಒಳಗೆ, ಎಂಟು ಎಣಿಸುತ್ತ ಹೊರಗೆ, ನೋವನ್ನು ‘ಅಲೆ’ ಎಂದು ಕರೆಯುವುದು, ಧೈರ್ಯದ ಮಾತುಗಳನ್ನು ದಿನಾ ಕಿವಿಗೆ ಹಾಕಿಕೊಳ್ಳುವುದು, ಇಷ್ಟೇ.

ಇದರ ಬೇರು ಹಳೆಯದು. ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ವೈದ್ಯರು 1933ರಲ್ಲೇ ಸಹಜ ಹೆರಿಗೆಯ ಬಗ್ಗೆ ಪುಸ್ತಕ ಬರೆದರು. ಹೆದರಿಕೆಯಿಂದ ಮೈ ಬಿಗಿಯುತ್ತದೆ, ಬಿಗಿತದಿಂದ ನೋವು ಹೆಚ್ಚುತ್ತದೆ, ನೋವು ಮತ್ತೆ ಹೆದರಿಕೆಯನ್ನು ಹೆಚ್ಚಿಸುತ್ತದೆ ಎಂಬುದು ಅವರ ವಾದ. 1989ರಲ್ಲಿ ಅಮೆರಿಕದ ಮೇರಿ ಮಾಂಗನ್ ಅದೇ ದಾರಿಯಲ್ಲಿ ಹಿಪ್ನೋಬರ್ತಿಂಗ್ ತರಬೇತಿ ಶುರುಮಾಡಿದರು. ಅವರ ಮಾತು ನಮಗೆ ಹೊಸದಾಗಿ ಕೇಳಿಸುವುದಿಲ್ಲ. ಎರಡನೆಯ ಬಾಣವು ಮೊದಲನೆಯ ಗಾಯವನ್ನು ಹೇಗೆ ಅಗಲ ಮಾಡುತ್ತದೆ ಎಂಬುದನ್ನೇ ಅವರು ವೈದ್ಯರ ಭಾಷೆಯಲ್ಲಿ ಹೇಳಿದರು.

ಮಗಳ ಮೊದಲ ಹೆರಿಗೆ ಆಸ್ಪತ್ರೆಯಲ್ಲಾಯಿತು. ಇದೇ ಉಸಿರು, ಇದೇ ತರಬೇತಿ. ಒಂದು ಹಗಲು, ಒಂದು ರಾತ್ರಿ ಕಳೆದರೂ ಹೆರಿಗೆ ಮುಂದಕ್ಕೆ ಸಾಗಲಿಲ್ಲ. ಅವಳು ಸೋತು ಹೋದಳು. ಬೆನ್ನಿಗೆ ಎಪಿಡ್ಯೂರಲ್ ಕೊಟ್ಟು, ಕೊನೆಗೆ ವ್ಯಾಕ್ಯೂಮ್ ಹಚ್ಚಿ ಮಗುವನ್ನು ತೆಗೆದರು. ತಾಯಿ ಮಗು ಇಬ್ಬರೂ ಸುಖವಾಗಿದ್ದರು.

ಎರಡನೆಯದು ಮೂರು ವರ್ಷದ ಮೇಲೆ, ಮನೆಯಲ್ಲಿ. ಹಾಲಿನ ನಡುವೆ ಗಾಳಿ ಊದಿ ನಿಲ್ಲಿಸಿದ ತೊಟ್ಟಿ. ಅಳಿಯ ಅಡುಗೆಮನೆಯ ನಲ್ಲಿಯಿಂದ ಪೈಪ್ ಎಳೆದು ಬಿಸಿನೀರು ತುಂಬಿಸುತ್ತಿದ್ದ. ನೀರು 37.5 ಡಿಗ್ರಿ ಮೀರಬಾರದೆಂದು ಮಿಡ್‌ವೈಫ್ ಥರ್ಮಾಮೀಟರ್ ಅದ್ದಿ ನೋಡುತ್ತಿದ್ದರು. ದೊಡ್ಡ ದೀಪ ಆರಿಸಿ ಮೂಲೆಯಲ್ಲೊಂದು ಚಿಕ್ಕ ದೀಪ ಮಾತ್ರ ಹಚ್ಚಿದ್ದರು. ಮೊಮ್ಮಗಳು ಮಹಡಿಯ ಮೇಲೆ ಮಲಗಿದ್ದಳು. ಕಾಲು ಗಂಟೆಗೊಮ್ಮೆ ಮಿಡ್‌ವೈಫ್ ಪುಟ್ಟ ಯಂತ್ರವನ್ನು ನೀರಿನೊಳಗೇ ಹೊಟ್ಟೆಗೆ ಒತ್ತಿ ಮಗುವಿನ ಎದೆಬಡಿತ ಕೇಳಿಸುತ್ತಿದ್ದರು. ಕುದುರೆ ಓಡಿದ ಹಾಗೆ ಸದ್ದು. ಅದು ನಿಂತ ಮೇಲೆ ಮತ್ತೆ ಮೌನ. ಆ ಮೌನದಲ್ಲಿ ಮಗಳ ಉದ್ದನೆಯ ಉಸಿರು ಮಾತ್ರ.

ನನಗೆ ಮಾಡಲು ಕೆಲಸವಿರಲಿಲ್ಲ. ಸೋಫಾದ ತುದಿಯಲ್ಲಿ ಕುಳಿತು ಬಾಯೊಳಗೇ ಅಂಗುಲಿಮಾಲ ಪರಿತ್ತ ಹೇಳಿಕೊಂಡೆ. ಸಾವತ್ಥಿಯಲ್ಲಿ ಭಿಕ್ಷೆಗೆ ಹೊರಟ ಅಂಗುಲಿಮಾಲ ಥೇರರು ಹೆರಿಗೆಯಲ್ಲಿ ಒದ್ದಾಡುತ್ತಿದ್ದ ಹೆಂಗಸನ್ನು ಕಂಡು ಮರುಗಿದ ಕಥೆ ನಿಮಗೆ ಗೊತ್ತು. ಶ್ರೀಲಂಕಾದಲ್ಲಿ ಇಂದಿಗೂ ಗರ್ಭಿಣಿಯರಿಗಾಗಿ ಆ ಪರಿತ್ತವನ್ನು ಪಠಿಸುತ್ತಾರೆ.

ನಡುರಾತ್ರಿ ದಾಟಿದ ಮೇಲೆ ಮಗಳ ಶಾಂತಿ ಮುರಿಯಿತು. ತೊಟ್ಟಿಯ ಅಂಚು ಹಿಡಿದು, “ಅಮ್ಮಾ, ಇನ್ನು ನನ್ನ ಕೈಲಿ ಆಗಲ್ಲ” ಎಂದು ಕೂಗಿದಳು. ನನ್ನ ಎದೆ ಝಲ್ಲೆಂದಿತು. ಮಿಡ್‌ವೈಫ್ ಮಾತ್ರ ಸಣ್ಣಗೆ ನಕ್ಕು, ಹೀಗೆ ಹೇಳಿದಳೆಂದರೆ ಮಗು ಹತ್ತಿರ ಬಂದಿದೆ ಎಂದು ಅಳಿಯನಿಗೆ ಹೇಳಿದರು. ಹಾಗೇ ಆಯಿತು. ಸ್ವಲ್ಪ ಹೊತ್ತಿಗೆ ಮಗು ನೀರಿನಲ್ಲೇ ಹುಟ್ಟಿತು. ತಕ್ಷಣ ಮೇಲಕ್ಕೆತ್ತಿ ತಾಯಿಯ ಎದೆಗೆ ಕೊಟ್ಟರು. ಮುಖಕ್ಕೆ ಗಾಳಿ ತಗಲುವವರೆಗೂ ಮಗುವಿಗೆ ಪ್ರಾಣವಾಯು ಬರುವುದು ಹೊಕ್ಕುಳ ಬಳ್ಳಿಯಿಂದಲೇ. ಒಂದೆರಡು ಕ್ಷಣ ಕಣ್ಣು ಬಿಟ್ಟು ಸುಮ್ಮನಿತ್ತು. ಆಮೇಲೆ ಮೊದಲ ಉಸಿರು, ಮೊದಲ ಅಳು. ಬಳ್ಳಿಯ ಮಿಡಿತ ನಿಲ್ಲುವವರೆಗೆ ಯಾರೂ ಅದನ್ನು ಕತ್ತರಿಸಲಿಲ್ಲ.

ಈಗ ಹೇಳಿ. ಇಬ್ಬರು ತಾಯಂದಿರಲ್ಲ, ಒಬ್ಬಳೇ ತಾಯಿ. ಕಲಿತ ಉಸಿರೂ ಒಂದೇ. ಒಮ್ಮೆ ವ್ಯಾಕ್ಯೂಮ್, ಒಮ್ಮೆ ತಿಳಿನೀರು. ಮೊದಲನೆಯದರಲ್ಲಿ ಅವಳ ಸಾಧನೆ ಸೋತಿತು, ಎರಡನೆಯದರಲ್ಲಿ ಗೆದ್ದಿತು ಎನ್ನಲಾದೀತೇ?

*ಬಾಗಿಲ ಬಳಿಯ ಚೀಲ*

ಆ ರಾತ್ರಿ ನಾನು ಕಂಡ ಇನ್ನೊಂದು ವಿಷಯ ಮೊಬೈಲಿನ ವೀಡಿಯೋಗಳಲ್ಲಿ ಕಾಣುವುದಿಲ್ಲ. ಊಟದ ಮೇಜಿನ ಮೇಲೆ ರಕ್ತಸ್ರಾವ ತಡೆಯುವ ಇಂಜೆಕ್ಷನ್, ಮಗುವಿಗೆ ಉಸಿರು ಕೊಡುವ ಸಾಧನ ಸಿದ್ಧವಾಗಿತ್ತು. ಬಾಗಿಲ ಬಳಿ ಆಸ್ಪತ್ರೆಗೆ ಹೊರಡುವ ಚೀಲ ಇತ್ತು. ಹೆರಿಗೆಯ ಹೊತ್ತಿಗೆ ಎರಡನೆಯ ಮಿಡ್‌ವೈಫ್ ಕೂಡ ಬಂದು ಸೇರಿದ್ದರು. ಆ ಮನೆಯ ಶಾಂತಿ ಇಷ್ಟೆಲ್ಲ ಸಿದ್ಧತೆಯ ಮೇಲೆ ನಿಂತಿತ್ತು.

ಇಂಗ್ಲೆಂಡಿನಲ್ಲಿ 64,000ಕ್ಕೂ ಹೆಚ್ಚು ಹೆರಿಗೆಗಳನ್ನು ಗಮನಿಸಿ 2011ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಮನೆಯಲ್ಲೇ ಹೆರುವೆನೆಂದು ಹೊರಟ ಚೊಚ್ಚಲ ಗರ್ಭಿಣಿಯರಲ್ಲಿ ನೂರಕ್ಕೆ 45 ಮಂದಿಯನ್ನು ಆಸ್ಪತ್ರೆಗೆ ಸಾಗಿಸಬೇಕಾಯಿತು. ಮುಂಚೆ ಹೆತ್ತವರಲ್ಲಿ ನೂರಕ್ಕೆ ಸುಮಾರು 12 ಮಂದಿ. ಚೊಚ್ಚಲ ಹೆರಿಗೆಯಲ್ಲಿ ಮಗುವಿಗೆ ಅಪಾಯವೂ ಮನೆಯಲ್ಲಿ ಸ್ವಲ್ಪ ಹೆಚ್ಚೆಂದು ಅದೇ ಅಧ್ಯಯನ ಹೇಳಿತು. ಅಲ್ಲಿ ಹಾಗೆ ಸಾಗಿಸುವುದನ್ನು ಸೋಲು ಎನ್ನುವುದಿಲ್ಲ. ಅದೂ ಯೋಜನೆಯ ಒಂದು ಭಾಗ. ಆದ್ದರಿಂದ ಇದನ್ನು ಓದಿ ನಮ್ಮ ಊರುಗಳಲ್ಲಿ ಯಾರೂ ಮನೆಯಲ್ಲಿ ತೊಟ್ಟಿ ತುಂಬಿಸಬೇಡಿ. ನಮ್ಮಲ್ಲಿ ಅಂಥ ಸರ್ಕಾರಿ ಏರ್ಪಾಡು ಇಲ್ಲ. ಆಸ್ಪತ್ರೆಗೇ ಹೋಗಿ. ಉಸಿರು ಅಲ್ಲಿಗೂ ನಿಮ್ಮ ಜೊತೆಗೇ ಬರುತ್ತದೆ.

ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂತು. ಹಣ ಮುಟ್ಟದೆ ಸಾವಿರಾರು ಹೆರಿಗೆ ಮಾಡಿಸಿದ ತಾಯಿ ಅವರು. ಅಂಥ ಸೂಲಗಿತ್ತಿಯರಾಗಲಿ, ಲೀಡ್ಸ್‌ನ ಮಿಡ್‌ವೈಫ್ ಆಗಲಿ, ಹೆರುವವಳಿಗೆ ಕೊಟ್ಟ ಮೊದಲ ಔಷಧ ಒಂದೇ. ಅವಳನ್ನು ಒಂಟಿಯಾಗಿ ಬಿಡದೆ ಪಕ್ಕದಲ್ಲಿ ಕುಳಿತದ್ದು.

*ಸುಪ್ಪವಾಸಾ ಮಾಡಿದ್ದೇನು?*

ಈಗ ಉದಾನಕ್ಕೆ ಬರೋಣ. ಕೋಲಿಯರ ಮಗಳು ಸುಪ್ಪವಾಸಾ ಏಳು ವರ್ಷ ಗರ್ಭ ಹೊತ್ತು, ಏಳು ದಿನ ಹೆರಿಗೆಯ ನೋವು ತಿಂದಳೆಂದು ಅಲ್ಲಿದೆ. ಆ ನೋವಿನಲ್ಲಿ ಅವಳು ಮೂರು ವಿಚಾರಗಳನ್ನು ಹಿಡಿದುಕೊಂಡಳು. ಇಂಥ ದುಃಖವನ್ನು ನೀಗಲು ಧಮ್ಮ ಬೋಧಿಸುವ ಬುದ್ಧರು, ಇಂಥ ದುಃಖವನ್ನು ನೀಗಲು ನಡೆಯುತ್ತಿರುವ ಸಂಘ, ಇಂಥ ದುಃಖವೇ ಇಲ್ಲದ ನಿಬ್ಬಾಣ.

ಇಲ್ಲಿ ಎರಡು ಮಾತನ್ನು ಗಮನಿಸಿ. ಆ ವಿಚಾರಗಳಿಂದ ಅವಳ ನೋವು ಮಾಯವಾಯಿತು ಎಂದು ಸುತ್ತ ಹೇಳುವುದಿಲ್ಲ. ಅವಳು ನೋವನ್ನು ‘ತಾಳಿಕೊಂಡಳು’ ಎನ್ನುತ್ತದೆ, ಅಷ್ಟೇ. ಮೊದಲ ಬಾಣ ನಾಟಿಯೇ ಇತ್ತು. ಎರಡನೆಯ ಮಾತು, ತಾಳಿಕೊಳ್ಳುತ್ತಲೇ ಅವಳು ಗಂಡನನ್ನು ಭಗವಾನರ ಬಳಿಗೆ ಕಳುಹಿಸಿದಳು. ತನ್ನ ಪರವಾಗಿ ನಮಸ್ಕರಿಸಿ ತನ್ನ ಸ್ಥಿತಿ ತಿಳಿಸುವಂತೆ ಹೇಳಿದಳು. ಭಗವಾನರು ಅವಳು ಸುಖವಾಗಿರಲಿ ಎಂದು ಹರಸಿದರು. ತಾಳ್ಮೆಯಿದ್ದವರು ಯಾರನ್ನೂ ಕರೆಯಬಾರದು ಎಂಬ ನಿಯಮ ಎಲ್ಲಿದೆ? ತಾಳ್ಮೆಯೂ ಕರೆಯೂ ಒಂದೇ ಮಂಚದ ಮೇಲಿದ್ದವು. ವೈದ್ಯರನ್ನು ಕರೆಯುವುದು, ಎಪಿಡ್ಯೂರಲ್ ಕೇಳುವುದು, ಸಿಸೇರಿಯನ್‌ಗೆ ಸಹಿ ಹಾಕುವುದು, ಇವೆಲ್ಲ ಸುಪ್ಪವಾಸಾ ಗಂಡನನ್ನು ಕಳುಹಿಸಿದ ದಾರಿಯೇ.

ಮಹಾಮಾಯಾ ದೇವಿಯನ್ನೂ ನೆನೆಯಿರಿ. ಬೋಧಿಸತ್ವರು ಹುಟ್ಟಿದಾಗ ಆಕಾಶದಿಂದ ಒಂದು ತಂಪು, ಒಂದು ಬೆಚ್ಚಗಿನ ನೀರಿನ ಧಾರೆ ಇಳಿಯಿತೆಂದು ಮಜ್ಝಿಮ ನಿಕಾಯ ಹೇಳುತ್ತದೆ. ಅದಕ್ಕಿಂತ ಮಂಗಳಕರವಾದ ಹೆರಿಗೆ ಇನ್ನೊಂದಿಲ್ಲ. ಆದರೆ ಏಳನೆಯ ದಿನ ಆ ತಾಯಿ ತೀರಿಕೊಂಡರು. ನಮ್ಮ ಗ್ರಂಥ ಇದನ್ನು ಮುಚ್ಚಿಡಲಿಲ್ಲ. ಮಗು ಬುದ್ಧನಾಗುವವನಾದರೂ ದೇಹ ದೇಹವೇ. ಅದು ಕಾರಣ ಪರಿಣಾಮಗಳಂತೆ ನಡೆಯುತ್ತದೆ, ನಮ್ಮ ಆಸೆಯಂತಲ್ಲ.

*ಉಸಿರು ಕೊಡುವುದು ಏನನ್ನು?*

ಹಾಗಾದರೆ ಉಸಿರಿನಿಂದ ಪ್ರಯೋಜನವಿಲ್ಲವೇ? ಖಂಡಿತ ಇದೆ. 2015ರಲ್ಲಿ ಇಂಗ್ಲೆಂಡಿನ ಇನ್ನೊಂದು ಅಧ್ಯಯನ ಬಂತು. ಚೊಚ್ಚಲ ಗರ್ಭಿಣಿಯರು 600ಕ್ಕೂ ಹೆಚ್ಚು ಮಂದಿ ಅದರಲ್ಲಿದ್ದರು. ಸ್ವ-ಸಮ್ಮೋಹನ ಕಲಿತವರಲ್ಲಿ ಎಪಿಡ್ಯೂರಲ್ ಬೇಕೆಂದವರ ಸಂಖ್ಯೆಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲು ನಿರೀಕ್ಷಿಸಿದ್ದಕ್ಕೆ ಹೋಲಿಸಿದರೆ, ಹೆರಿಗೆಯಲ್ಲಿ ತಮಗಾದ ಭಯ, ಆತಂಕ ಕಡಿಮೆಯಿತ್ತೆಂದು ಅವರು ಆಮೇಲೆ ತಿಳಿಸಿದರು. ಅದನ್ನು ಓದಿದಾಗ ನನಗೆ ಸಲ್ಲ ಸುತ್ತವೇ ನೆನಪಾಯಿತು. ಮೊದಲ ಬಾಣ ಇದ್ದಂತೆಯೇ ಇದೆ, ಎರಡನೆಯದು ಕುಗ್ಗಿದೆ.

ಆದರೂ ಆ ಉಸಿರೂ ನಮ್ಮ ಆನಾಪಾನಸತಿಯೂ ಪೂರ್ತಿ ಒಂದೇ ಅಲ್ಲ. ಅಲ್ಲಿ ಉಸಿರನ್ನು ಬೇಕೆಂದೇ ಉದ್ದ ಮಾಡುತ್ತಾರೆ. ಇಲ್ಲಿ ಮೊದಲ ಪಾಠವೇ ತಿಳಿಯುವುದು. ಉದ್ದವಿದ್ದರೆ ಉದ್ದ, ಗಿಡ್ಡವಿದ್ದರೆ ಗಿಡ್ಡ. ಕಿರುಚುವಾಗ ಉಸಿರು ಗಿಡ್ಡವಾಗಿರುತ್ತದೆ. ಅದನ್ನು ಗಿಡ್ಡವೆಂದು ಒಂದು ಕ್ಷಣ ತಿಳಿದರೆ ಅದೂ ಸತಿಯೇ. ಆದ್ದರಿಂದ ಕಿರುಚಿದವಳು ಧ್ಯಾನದಿಂದ ಬಿದ್ದವಳಲ್ಲ.

ತಂಗೀ, ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಟ್ಟೆಯ ಮೇಲಿನ ಹೊಲಿಗೆ ಮೊದಲ ಬಾಣದ ಗುರುತು. ಅದು ಎಂದೋ ಮಾಗಿದೆ. ‘ನನ್ನ ಸಾಧನೆ ಸಾಲದಾಯಿತು’ ಎಂಬುದೇ ಎರಡನೆಯ ಬಾಣ. ಅದು ಹೆರಿಗೆ ಕೋಣೆಯಲ್ಲಿ ನಾಟಿದ್ದಲ್ಲ, ಆಮೇಲೆ ಬೇರೆಯವರ ವೀಡಿಯೋ ನೋಡುತ್ತ ನಾಟಿದ್ದು. ಶಾಂತವಾಗಿರಬೇಕಿತ್ತು ಎಂಬ ಹಟವೂ ಬಾಣವಾಗುತ್ತದೆ. ಅದನ್ನು ಇವತ್ತೇ ಕೀಳಬಹುದು. ಆ ದಿನ ಗಾಬರಿಯ ನಡುವೆಯೂ ಮಗುವಿನ ಜೀವಕ್ಕಾಗಿ ನೀವು ತಲೆಯಾಡಿಸಿ ಒಪ್ಪಿಗೆ ಕೊಟ್ಟಿರಿ. ಅದು ಕರುಣೆ. ಸಾಧನೆ ಅಲ್ಲೇ ಇತ್ತು.

*ಇಂದಿನ ಅಭ್ಯಾಸ*

ಇಂದು ಐದು ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಉಸಿರನ್ನು ತಿದ್ದಬೇಡಿ, ತಿಳಿಯಿರಿ. ಮಂಡಿ ನೋವೋ ಬೆನ್ನು ನೋವೋ ಇದ್ದರೆ, ‘ಇದು ಮೊದಲನೆಯ ಬಾಣ’ ಎಂದು ಗುರುತಿಸಿ. ಅದರ ಹಿಂದೆ ಬರುವ ಮಾತನ್ನು ಕಾಯಿರಿ. ಬಂದಾಗ, ‘ಇದು ಎರಡನೆಯದು’ ಎಂದು ಗುರುತಿಸಿ ಬಿಡಿ. ನೋವಿಗೆ ಮಾತ್ರೆ ಬೇಕಿದ್ದರೆ ತೆಗೆದುಕೊಳ್ಳಿ. ಮನೆಯಲ್ಲಿ ಅಥವಾ ಪಕ್ಕದಲ್ಲಿ ಗರ್ಭಿಣಿ ಇದ್ದರೆ ಹೆದರಿಸುವ ಹೆರಿಗೆ ಕಥೆ ಹೇಳಬೇಡಿ, ಅಂದದ ಹೆರಿಗೆ ಕಥೆ ಹೇಳಿ ಆಸೆಯ ಭಾರವನ್ನೂ ಹೊರಿಸಬೇಡಿ. ಹೇಗೆ ಆದರೂ ನಾವು ಜೊತೆಗಿರುತ್ತೇವೆ ಎಂದು ಹೇಳಿ.

ಇಂದು ಹೆರಿಗೆ ಕೋಣೆಗಳಲ್ಲಿರುವ ಎಲ್ಲ ತಾಯಂದಿರೂ ನಿರ್ಭಯರಾಗಲಿ. ಅವರ ಪಕ್ಕದಲ್ಲಿ ನಿಂತಿರುವ ದಾದಿಯರು, ವೈದ್ಯರು, ಸೂಲಗಿತ್ತಿಯರ ಕೈ ಸ್ಥಿರವಾಗಿರಲಿ. ಹುಟ್ಟುವ ಪ್ರತಿ ಮಗುವಿಗೂ ಮೊದಲ ಉಸಿರು ಸುಗಮವಾಗಲಿ. ಮಕ್ಕಳನ್ನು ಕಳೆದುಕೊಂಡ ತಾಯಂದಿರ ಮನಸ್ಸಿಗೂ ನೆಮ್ಮದಿ ಸಿಗಲಿ.

ಸರ್ವರಿಗೂ ಮಂಗಳವಾಗಲಿ.
ಸಾಧು, ಸಾಧು, ಸಾಧು 🙏